ಪ್ರಯೋಗಶಾಲೆಯ ವಾರದ ಲೆಕ್ಕ: ಸಂಶ್ಲೇಷಿತ ಜೀವವಿಜ್ಞಾನ ಮತ್ತು ವಿದ್ಯಾರ್ಥಿ ತಂಡಗಳು

ಬೋಲ್ಟನ್ನು ಒಂದು ಅಂಗಡಿಯಲ್ಲಿಯೂ ನಟ್ಟನ್ನು ಮತ್ತೊಂದು ಅಂಗಡಿಯಲ್ಲಿಯೂ ಕೊಂಡರೂ ಅವೆರಡೂ ಕೂಡಿಕೊಳ್ಳುತ್ತವೆ. ಇಂದು ಯಾವ ಉದ್ದಿಮೆದಾರನಿಗೂ ಇದು ಸೋಜಿಗವೆನಿಸದು. ಆದರೆ 1841ರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್, 1864ರಲ್ಲಿ ಅಮೆರಿಕದ ವಿಲಿಯಂ ಸೆಲ್ಲರ್ಸ್ ಇವರು ಸ್ಕ್ರೂ ಥ್ರೆಡ್ಡಿಗೆ ಮಾನಕವನ್ನು ಸೂಚಿಸುವುದಕ್ಕೆ ಮೊದಲು ಒಂದು ಕಾರ್ಖಾನೆಯ ಬೋಲ್ಟು ಇನ್ನೊಂದು ಕಾರ್ಖಾನೆಯ ನಟ್ಟಿಗೆ ಹೊಂದುತ್ತದೆಂಬ ಭರವಸೆ ಇರಲಿಲ್ಲ.

ಇದೇ ವಿಚಾರವನ್ನು ಜೀವಕೋಶದ ವಂಶವಾಹಿಗಳಿಗೆ ಅನ್ವಯಿಸಿದವರು ಅಮೆರಿಕದ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಯ (ಎಂ.ಐ.ಟಿ.) ಗಣಕ ತಂತ್ರಜ್ಞ ಟಾಮ್ ನೈಟ್. ಡಿ.ಎನ್‌.ಎ. ತುಣುಕುಗಳ ಎರಡೂ ತುದಿಗಳನ್ನು ಒಂದೇ ಮಾದರಿಯಲ್ಲಿ ಸಿದ್ಧಪಡಿಸಿದರೆ ಯಾರು ತಯಾರಿಸಿದ ತುಣುಕನ್ನಾದರೂ ಯಾರು ಬೇಕಾದರೂ ಜೋಡಿಸಬಹುದೆಂಬುದು 2003ರಲ್ಲಿ ಅವರು ಮುಂದಿಟ್ಟ ಯೋಜನೆ. ಇಂತಹ ತುಣುಕಿಗೆ ‘ಬಯೋಬ್ರಿಕ್’ ಎಂದು ಹೆಸರು. ಈ ವಿಧದ ಬಿಡಿಭಾಗಗಳಿಂದ ಬ್ಯಾಕ್ಟೀರಿಯಾಕ್ಕೆ ಹೊಸ ಕೆಲಸ ಕಲಿಸುವ ಶಾಸ್ತ್ರವೇ ಸಂಶ್ಲೇಷಿತ ಜೀವವಿಜ್ಞಾನ. ಎಂ.ಐ.ಟಿ.ಯಲ್ಲಿ 2003ರಲ್ಲಿ ಒಂದು ಕಿರು ಪಾಠಕ್ರಮವಾಗಿ ಆರಂಭವಾದ ಪ್ರಯೋಗ, 2004ರಲ್ಲಿ ಐದು ತಂಡಗಳ ‘ಐಜೆಮ್’ ಸ್ಪರ್ಧೆಯಾಗಿ ಮಾರ್ಪಟ್ಟು, ನಂತರದ ವರ್ಷಗಳಲ್ಲಿ ಮುನ್ನೂರಕ್ಕೂ ಹೆಚ್ಚು ತಂಡಗಳು ಸೇರುವಷ್ಟು ಬೆಳೆಯಿತು. ಬೆಂಗಳೂರಿನ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರದ ತಂಡ 2006ರಲ್ಲಿ ಇದರಲ್ಲಿ ಭಾಗವಹಿಸಿತ್ತು. 2009ರಲ್ಲಿ ಇದೇ ನಗರದ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಮೊದಲ ಮಳೆಗೆ ಮಣ್ಣಿನಿಂದೇಳುವ ಪರಿಮಳದ ದ್ರವ್ಯವಾದ ಜಿಯೋಸ್ಮಿನ್ ಅನ್ನು ಬ್ಯಾಕ್ಟೀರಿಯಾದಿಂದ ಹೊರಡಿಸುವ ಕೆಲಸವನ್ನು ಕೈಗೊಂಡಿದ್ದರು. ಅವರು ಕಲೆಯ ವಿದ್ಯಾರ್ಥಿಗಳೇ ಹೊರತು ಜೀವಶಾಸ್ತ್ರದವರಲ್ಲ ಎಂಬುದು ಗಮನಾರ್ಹ.

ಈ ತಂಡಗಳ ಕೆಲಸವು ಬಹುತೇಕ ಒಂದು ಬೇಸಿಗೆ ರಜೆಯ ಅವಧಿಯಲ್ಲಿ ನಡೆಯುತ್ತದೆ. ಅದರ ಪ್ರಗತಿಯನ್ನು ವಾರದ ಲೆಕ್ಕದಲ್ಲಿ ಬರೆದಿಡುವುದು ವಾಡಿಕೆ. ದಿನದ ಲೆಕ್ಕವೂ ಅಲ್ಲ, ತಿಂಗಳ ಲೆಕ್ಕವೂ ಅಲ್ಲ, ವಾರದ ಲೆಕ್ಕವೇ ಏಕೆ ಎಂಬುದನ್ನು ತಿಳಿದರೆ ಈ ಉದ್ದಿಮೆಯ ಸ್ವಭಾವವೇ ತಿಳಿದಂತೆ.

ಸೋಮವಾರ ಎರಡು ತುಣುಕುಗಳನ್ನು ಕಿಣ್ವಗಳಿಂದ ಕತ್ತರಿಸಿ, ಲೈಗೇಸ್ ಎಂಬ ಇನ್ನೊಂದು ಕಿಣ್ವದಿಂದ ಬೆಸೆಯುತ್ತಾರೆ. ಬೆಸೆದದ್ದನ್ನು ಇ. ಕೊಲೈ ಬ್ಯಾಕ್ಟೀರಿಯಾದೊಳಗೆ ಸೇರಿಸಲು ಮಂಜಿನಲ್ಲಿಟ್ಟ ಕೋಶಗಳನ್ನು ಸುಮಾರು ಒಂದು ನಿಮಿಷ 42 ಡಿಗ್ರಿ ಶಾಖಕ್ಕೆ ಒಡ್ಡಿ, ಆ್ಯಂಟಿಬಯೋಟಿಕ್ ಬೆರೆಸಿದ ಅಗಾರ್ ತಟ್ಟೆಯ ಮೇಲೆ ಹರಡಿ, 37 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡುತ್ತಾರೆ. ಹೊಸ ತುಣುಕನ್ನು ಹೊತ್ತ ಡಿ.ಎನ್‌.ಎ. ಉಂಗುರದಲ್ಲಿಯೇ ಔಷಧವನ್ನು ತಡೆದುಕೊಳ್ಳುವ ಗುಣವೂ ಇರುವುದರಿಂದ, ಆ ಉಂಗುರ ಒಳಹೊಕ್ಕ ಕೋಶಗಳು ಮಾತ್ರ ಬದುಕುತ್ತವೆ. ಮಂಗಳವಾರ ತಟ್ಟೆಯಲ್ಲಿ ಕಾಣುವ ಚುಕ್ಕೆಗಳಲ್ಲಿ ಕೆಲವನ್ನು ಆರಿಸಿ ಪೋಷಕ ದ್ರವದಲ್ಲಿ ಮತ್ತೊಂದು ರಾತ್ರಿ ಬೆಳೆಸಬೇಕು. ಬುಧವಾರ ಅವುಗಳಿಂದ ಡಿ.ಎನ್‌.ಎ. ತೆಗೆದು, ಪುನಃ ಕತ್ತರಿಸಿ, ಜೆಲ್ ಮೇಲೆ ಓಡಿಸಿ ಉದ್ದವನ್ನು ಅಳೆಯುತ್ತಾರೆ. ಉದ್ದ ಸರಿಯಿದ್ದರೆ ಅಕ್ಷರಕ್ರಮದ ಪರಿಶೀಲನೆಗೆ ಕಳುಹಿಸಬೇಕು. ಅದರ ವರದಿ ಬರುವಷ್ಟರಲ್ಲಿ ವಾರ ಮುಗಿದಿರುತ್ತದೆ. ವರದಿ ಪ್ರತಿಕೂಲವಾದರೆ ಮುಂದಿನ ಸೋಮವಾರ ಮೊದಲಿನಿಂದಲೇ ಆರಂಭ.

ಇ. ಕೊಲೈ ಅನುಕೂಲ ಪರಿಸ್ಥಿತಿಯಲ್ಲಿ ಸುಮಾರು 20 ನಿಮಿಷಕ್ಕೊಮ್ಮೆ ದ್ವಿಗುಣವಾಗುತ್ತದೆ. ಆ ವೇಗವೇ ಮಿತಿ. ಹೆಚ್ಚುವರಿ ಪಾಳಿ ಹಾಕಿದರೂ, ಇಬ್ಬರ ಬದಲು ನಾಲ್ವರನ್ನು ನೇಮಿಸಿದರೂ ಆ ರಾತ್ರಿ ಮೊಟಕಾಗುವುದಿಲ್ಲ. 2009ರಲ್ಲಿ ಡೇನಿಯಲ್ ಗಿಬ್ಸನ್ ಪ್ರಕಟಿಸಿದ ವಿಧಾನದಿಂದ ಹಲವು ತುಣುಕುಗಳನ್ನು ಒಂದೇ ಪಾತ್ರೆಯಲ್ಲಿ, 50 ಡಿಗ್ರಿಯಲ್ಲಿ, ಒಂದು ಗಂಟೆಯೊಳಗೆ ಬೆಸೆಯುವುದು ಸಾಧ್ಯವಾಯಿತು. ಆದರೂ ಕೋಶ ಬೆಳೆಯುವ ರಾತ್ರಿಗಳು ಮತ್ತು ಪರಿಶೀಲನೆಯ ದಿನಗಳು ಹಾಗೆಯೇ ಉಳಿದಿವೆ.

ಇಲ್ಲಿ ಒಂದು ಸರಳ ಗಣಿತವನ್ನು ನೋಡಬಹುದು. ಎಂಟು ತುಣುಕುಗಳನ್ನು ಹಳೆಯ ಕ್ರಮದಂತೆ ಎರಡೆರಡಾಗಿ ಜೋಡಿಸುತ್ತ ಹೋದರೆ ಒಟ್ಟು ಏಳು ಬೆಸುಗೆಗಳು, ಮೂರು ಸುತ್ತುಗಳು. ಕಾಗದದ ಮೇಲೆ ಇದು ಮೂರು ವಾರದ ಕೆಲಸ. ಪ್ರತಿ ಬೆಸುಗೆಯೂ ಮೊದಲ ಯತ್ನದಲ್ಲಿಯೇ ಫಲಿಸುವ ಸಾಧ್ಯತೆ ಶೇಕಡಾ 80 ಎಂದು ಊಹಿಸಿಕೊಳ್ಳೋಣ. ಏಳೂ ಒಂದೇ ಯತ್ನದಲ್ಲಿ ಫಲಿಸುವ ಸಾಧ್ಯತೆ ಶೇಕಡಾ 21 ಮಾತ್ರ! ಮೊದಲ ಸುತ್ತಿನ ಒಂದು ಬೆಸುಗೆ ಕೆಟ್ಟರೂ ಕೊನೆಯ ಸುತ್ತು ಅದಕ್ಕಾಗಿ ಕಾಯಬೇಕು. ಆದ್ದರಿಂದಲೇ ವಿದ್ಯಾರ್ಥಿ ತಂಡಗಳ ಯೋಜನೆಗಳು ಆರಂಭದಲ್ಲಿ ಭವ್ಯವಾಗಿದ್ದು ರಜೆ ಮುಗಿಯುವ ವೇಳೆಗೆ ಬಹಳಷ್ಟು ಕಿರಿದಾಗುತ್ತವೆ. ಇದು ಆಲಸ್ಯದ ಫಲವೆಂದು ಭಾವಿಸುವುದು ತಪ್ಪು.

ಮಂಗಳವಾರದ ತಟ್ಟೆಯ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ಚುಕ್ಕೆಗಳು ಕಂಡೊಡನೆ ಹೊಸಬರು ಹಿಗ್ಗುತ್ತಾರೆ. ಆದರೆ ಹೊಸ ತುಣುಕನ್ನು ಸೇರಿಸದೆ, ಕತ್ತರಿಸಿದ ಉಂಗುರವನ್ನು ಮಾತ್ರ ಹಾಕಿದ ಇನ್ನೊಂದು ತಟ್ಟೆಯನ್ನೂ ಪಕ್ಕದಲ್ಲಿ ಬೆಳೆಸಿರುತ್ತಾರೆ. ಅದರಲ್ಲಿಯೂ ಅಷ್ಟೇ ಚುಕ್ಕೆಗಳಿದ್ದರೆ ಮೊದಲ ತಟ್ಟೆಯ ಬೆಳೆ ಬಹುಮಟ್ಟಿಗೆ ಹುಸಿ. ಖಾಲಿ ಉಂಗುರವೇ ಮರಳಿ ಕೂಡಿಕೊಂಡಿದೆ ಎಂದರ್ಥ. ಮಾರಾಟದ ಮೊತ್ತ ಏರಿದೆಯೆಂದು ಸಂತೋಷಿಸಿ, ಬಾಕಿದಾರರ ಪಟ್ಟಿಯನ್ನು ನೋಡದ ವರ್ತಕನ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ಎರಡೂ ತಟ್ಟೆಗಳ ಎಣಿಕೆಯನ್ನು ಬರೆದಿಟ್ಟ ದಿನಚರಿ ಮಾತ್ರ ನಂಬಿಕೆಗೆ ಅರ್ಹ. ಯಾವ ಕಿಣ್ವ, ಯಾವ ಲಾಟ್ ಸಂಖ್ಯೆ, ಯಾರು ಬೆಸೆದರು, ಯಾವುದು ಕೆಟ್ಟಿತು ಎಂಬುದೆಲ್ಲವೂ ಅದರಲ್ಲಿರಬೇಕು. ಕಿರ್ದಿಯಲ್ಲಿ ನಷ್ಟದ ನಮೂದನ್ನು ಬಿಟ್ಟು ಖಾತೆ ಬರೆಯಲಾಗದಷ್ಟೆ.

ವಾರಗಳ ಈ ಶ್ರಮ ಯಾವ ಮಟ್ಟಕ್ಕೆ ಒಯ್ಯಬಲ್ಲದೆಂಬುದಕ್ಕೆ ಸ್ಕಾಟ್ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದ 2006ರ ತಂಡ ಉತ್ತಮ ನಿದರ್ಶನ. ಕುಡಿಯುವ ನೀರಿನಲ್ಲಿನ ಆರ್ಸೆನಿಕ್ ವಿಷವನ್ನು ಅಗ್ಗವಾಗಿ ಪತ್ತೆ ಮಾಡುವುದು ಅವರ ಗುರಿ. ಆರ್ಸೆನಿಕ್ ಇದ್ದರೆ ಬ್ಯಾಕ್ಟೀರಿಯಾವು ಸಕ್ಕರೆಯನ್ನು ಹುಳಿಗೊಳಿಸಿ ನೀರಿನ ಆಮ್ಲತೆಯನ್ನು ಹೆಚ್ಚಿಸುವಂತೆ, ಇಲ್ಲದಿದ್ದರೆ ಕ್ಷಾರತೆ ಏರುವಂತೆ ಅವರು ವಿನ್ಯಾಸಗೊಳಿಸಿದರು. ದುಬಾರಿ ಉಪಕರಣದ ಬದಲು ಬಣ್ಣ ತೋರಿಸುವ ಸಾಧಾರಣ ಸೂಚಕವೇ ಸಾಕಾಗುವುದು ಇದರ ಲಾಭ. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಈ ಜೀವಸೂಚಕ 5 ಮೈಕ್ರೋಗ್ರಾಂಗೂ ಸ್ಪಂದಿಸಿತು. ಬಂಗಾಳದ ಜನಕ್ಕೆ ಮಾತ್ರವಲ್ಲ, ಕೊಳವೆಬಾವಿಯ ಆರ್ಸೆನಿಕ್‌ನಿಂದ ನರಳಿದ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಂತಹ ಊರಿಗೂ ಇಂತಹ ಸಾಧನದ ಬೆಲೆ ತಿಳಿದೀತು. ಆದರೆ 2007ರಲ್ಲಿ ಪ್ರಕಟವಾದ ಅವರ ಪ್ರಬಂಧ ಪ್ರಾಮಾಣಿಕವಾಗಿ ಹೇಳುವುದೇನೆಂದರೆ, ಪ್ರಯೋಗದಲ್ಲಿ ಖಚಿತಪಟ್ಟವು ಮುಖ್ಯ ಭಾಗಗಳು. ಪೂರ್ಣ ವ್ಯವಸ್ಥೆಯ ವರ್ತನೆಯನ್ನು ಗಣಕ ಮಾದರಿಯಲ್ಲಿ ತೋರಿಸಲಾಗಿತ್ತು.

ಲೆಕ್ಕಪತ್ರದ ದೃಷ್ಟಿಯಿಂದ ಈ ವ್ಯತ್ಯಾಸವೇ ನಿರ್ಣಾಯಕ. ಇಂತಹ ತಂಡದ ಕೆಲಸವನ್ನು ಕೈಗೆತ್ತಿಕೊಳ್ಳುವ ಅಥವಾ ತನ್ನಲ್ಲಿಯೇ ಸಣ್ಣ ಪ್ರಯೋಗಶಾಲೆ ತೆರೆಯುವ ಉದ್ದಿಮೆಯು ಲೆಕ್ಕಪತ್ರ ಮಾನಕ 26ನ್ನು ಗಮನಿಸಬೇಕು. ಸಂಶೋಧನಾ ಹಂತದ ವೆಚ್ಚವೆಲ್ಲ ಆಯಾ ವರ್ಷದ ಖರ್ಚೇ. ಅಭಿವೃದ್ಧಿ ಹಂತದ ವೆಚ್ಚವನ್ನು ಆಸ್ತಿಯೆಂದು ತೋರಿಸಬೇಕಾದರೆ ತಾಂತ್ರಿಕ ಸಾಧ್ಯತೆ, ಪೂರ್ಣಗೊಳಿಸುವ ಉದ್ದೇಶ ಮತ್ತು ಸಂಪನ್ಮೂಲ, ಮುಂದೆ ಬರುವ ಲಾಭ, ವೆಚ್ಚದ ನಂಬಲರ್ಹ ಅಳತೆ ಇವೆಲ್ಲವನ್ನೂ ತೋರಿಸಬೇಕು. ಯಾವ ವಾರದಲ್ಲಿ ಮೊದಲ ಹಂತ ಮುಗಿದು ಎರಡನೆಯದು ಆರಂಭವಾಯಿತೆಂಬುದಕ್ಕೆ ಪ್ರಯೋಗಶಾಲೆಯ ವಾರದ ದಿನಚರಿಗಿಂತ ಉತ್ತಮ ಪುರಾವೆ ಇಲ್ಲ. ಒಮ್ಮೆ ಖರ್ಚೆಂದು ಬರೆದದ್ದನ್ನು ಮುಂದಿನ ವರ್ಷ ಆಸ್ತಿಯಾಗಿ ಮರಳಿ ತರಲು ಮಾನಕ ಅವಕಾಶ ಕೊಡುವುದಿಲ್ಲ. ಆದಾಯ ತೆರಿಗೆಯ ಮಟ್ಟಿಗೆ, ಮಾನ್ಯತೆ ಪಡೆದ ಆಂತರಿಕ ಸಂಶೋಧನೆಗೆ ಕಂಪನಿಗಳಿಗೆ ದೊರೆಯುತ್ತಿದ್ದ ಹೆಚ್ಚುವರಿ ಕಡಿತವು 2017ರಲ್ಲಿ ಶೇಕಡಾ 200ರಿಂದ 150ಕ್ಕೆ ಇಳಿದು, 2020ರ ಏಪ್ರಿಲ್‌ನಿಂದ ಖರ್ಚಾದಷ್ಟಕ್ಕೆ ಸೀಮಿತವಾಯಿತು.

ಕೊನೆಯದಾಗಿ ಅನುಮತಿಯ ವಿಚಾರ. ವಂಶವಾಹಿ ಮಾರ್ಪಡಿಸಿದ ಜೀವಾಣುಗಳ ತಯಾರಿಕೆ, ಬಳಕೆ, ಆಮದು, ದಾಸ್ತಾನು ಇವೆಲ್ಲಕ್ಕೂ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ರಚಿತವಾದ 1989ರ ನಿಯಮಗಳು ಅನ್ವಯಿಸುತ್ತವೆ. ಪ್ರಯೋಗ ನಡೆಯುವ ಸಂಸ್ಥೆಯಲ್ಲಿ ಜೈವಿಕ ಸುರಕ್ಷತಾ ಸಮಿತಿ ಇರಬೇಕು. ಅದರ ಮೇಲೆ ಜೈವಿಕ ತಂತ್ರಜ್ಞಾನ ಇಲಾಖೆಯ ಪರಾಮರ್ಶನ ಸಮಿತಿ. ಜೀವಾಣುವನ್ನು ಹೊರ ಪರಿಸರಕ್ಕೆ ಬಿಡುವ ಸಂದರ್ಭದಲ್ಲಿ ಕೇಂದ್ರ ಪರಿಸರ ಸಚಿವಾಲಯದ ಸಮಿತಿ. ಮುಚ್ಚಿದ ಫರ್ಮೆಂಟರಿನಲ್ಲಿ ಕಿಣ್ವ ತಯಾರಿಸುವುದಕ್ಕೂ, ಜೀವಂತ ಬ್ಯಾಕ್ಟೀರಿಯಾ ಇರುವ ನೀರಿನ ಪರೀಕ್ಷಾ ಕಿಟ್ಟನ್ನು ಹಳ್ಳಿಗೆ ಮಾರುವುದಕ್ಕೂ ಈ ದಾರಿಯಲ್ಲಿ ಬಹಳ ಅಂತರವಿದೆ. ಯಂತ್ರಗಳಿಗೆ ಮುಂಗಡ ಕೊಡುವ ಮೊದಲೇ ತನ್ನ ಉತ್ಪನ್ನ ಯಾವ ಬಗೆಯದೆಂಬುದನ್ನು ಉದ್ದಿಮೆದಾರನು ಸಂಬಂಧಪಟ್ಟ ಸುರಕ್ಷತಾ ಸಮಿತಿಯಿಂದ ಲಿಖಿತವಾಗಿ ತಿಳಿದುಕೊಳ್ಳತಕ್ಕದ್ದು.