ಕೈಗವಸು ಕೊಳ್ಳುವ ಮುನ್ನ...

ಅತ್ತೆಯವರಿಗೆ ಲಕ್ವ ಹೊಡೆದು ಕೈ ಮುದುಡಿದೆಯೇ? ಮನೆಯಲ್ಲೇ ಬೆರಳಿಗೆ ವ್ಯಾಯಾಮ ಮಾಡಿಸೋ ಕೈಗವಸು ಕೊಳ್ಳುವ ಮುನ್ನ ಸ್ವಲ್ಪ ತಾಳಿ.

* ಇದರಲ್ಲಿ ಎರಡು ಬಗೆ. ಒಂದು, ಗಾಳಿ ಅಥವಾ ಮೋಟಾರಿನಿಂದ ಬೆರಳನ್ನು ತಾನೇ ಮಡಿಸಿ ಬಿಡಿಸುತ್ತದೆ. ಸೆನ್ಸರ್ ಇರುವ ಇನ್ನೊಂದಕ್ಕೆ ಅವರ ಬೆರಳು ಅಷ್ಟಿಷ್ಟಾದರೂ ಆಡಬೇಕು. ಯಾವುದು ಸರಿ ಎಂದು ಫಿಸಿಯೋಥೆರಪಿಸ್ಟ್ ಹತ್ತಿರ ಕೇಳಿ.

* ಮೊದಲು ತೊಡಿಸಿ ನೋಡಿ. ಬಿಗಿದ ಬೆರಳನ್ನು ಎಳೀಬೇಡಿ. ಮಣಿಕಟ್ಟನ್ನು ಮೆಲ್ಲಗೆ ಒಳಕ್ಕೆ ಬಾಗಿಸಿದರೆ ಬೆರಳು ಸಡಿಲವಾಗುತ್ತದೆ. ತೊಡಿಸೋಕೇ ಇಬ್ಬರು ಬೇಕಾದರೆ ಗವಸು ನಾಲ್ಕೇ ದಿನಕ್ಕೆ ಬೀರು ಸೇರೀತು!

* ಮರಗಟ್ಟಿದ ಕೈಗೆ ನೋವು ತಿಳಿಯದು. ತೆಗೆದ ಮೇಲೆ ಚರ್ಮ ಕೆಂಪಾಗಿದೆಯಾ ನೋಡಿ.

* ಗವಸು ಬೆರಳು ಬಿಡಿಸುವಾಗ ಅತ್ತೆಯವರೂ ಜೊತೆಗೆ ಪ್ರಯತ್ನಿಸಲಿ. ಆಮೇಲೆ ಅದೇ ಕೈಗೆ ಲೋಟ ಕೊಡಿ, ಅವರೆಕಾಯಿ ಸುಲಿಯಲು ಕೂರಿಸಿ. ಕಲಿತದ್ದು ಕೈಗೆ ಹತ್ತೋದು ಹೀಗೆ.