ಹಳ್ಳಿ ಹಳಿಯಾಗದ ಹಾಗೆ

‘ಕೆಂಚಾರ್ಲಹಳ್ಳಿ’ ಎಂದು ಕಂಪ್ಯೂಟರಿನಲ್ಲಿ ಟೈಪು ಮಾಡಲು ನಾಲ್ಕು ಸೆಕೆಂಡು ಸಾಕು. ಚಿಂತಾಮಣಿ ತಾಲ್ಲೂಕಿನ ಈ ಊರಿನ ಹೆಸರನ್ನು ಹನ್ನೆರಡು ಮೀಟರ್ ಉದ್ದದ ಬಸ್ಸಿನ ಮೈಮೇಲೆ ಕೂರಿಸಬೇಕು, ಐವತ್ತು ಮೀಟರ್ ದೂರದಲ್ಲಿ ನಿಂತ ಅಜ್ಜಿಗೂ ಅದು ಓದಲು ಬರಬೇಕು, ಎರಡು ಮಳೆಗಾಲ ಕಳೆದರೂ ಅಂಚು ಏಳಬಾರದು ಎಂದರೆ ಅದು ಬೇರೆಯೇ ವಿದ್ಯೆ. ಬಸ್ಸು, ಲಾರಿ, ಟ್ಯಾಂಕರುಗಳಿಗೆ ಮೈತುಂಬ ವಿನೈಲ್ ಸ್ಟಿಕರ್ ಹೊದಿಸುವುದು ಚಿತ್ರಗಾರನ ಕೆಲಸವೆಂದು ಬಹಳ ಜನ ತಿಳಿದಿದ್ದಾರೆ. ನಿಜಕ್ಕೂ ಅದು ದರ್ಜಿಯ ಕೆಲಸ. ಅಳತೆ ತಪ್ಪಿದರೆ ಎಂಥ ಚಂದದ ಬಟ್ಟೆಯೂ ದಂಡ.

ಮೊದಲಿಗೆ ಒಂದು ಹೆಸರಿನ ಗೊಂದಲ ತಿಳಿಯಾಗಬೇಕು. ನಮ್ಮ ಊರುಗಳಲ್ಲಿ ವಾಹನಕ್ಕೆ ಸ್ಟಿಕರ್ ಕತ್ತರಿಸಿ ಅಂಟಿಸುವವರನ್ನು ‘ರೇಡಿಯಂ ಅಂಗಡಿಯವರು’ ಎನ್ನುವುದು ರೂಢಿ. ಆ ಅಂಗಡಿಯಲ್ಲಿ ರೇಡಿಯಂ ಎಳ್ಳಷ್ಟೂ ಇಲ್ಲ. ಇರಲೂಬಾರದು! ಮೇರಿ ಮತ್ತು ಪಿಯರ್ ಕ್ಯೂರಿ 1898ರಲ್ಲಿ ಕಂಡುಹಿಡಿದ ರೇಡಿಯಂ ವಿಕಿರಣ ಸೂಸುವ ಧಾತು. ಕಳೆದ ಶತಮಾನದ ಆರಂಭದಲ್ಲಿ ಅದನ್ನು ಬೆರೆಸಿದ ಬಣ್ಣವನ್ನು ಗಡಿಯಾರದ ಅಂಕಿಗಳಿಗೆ ಬಳಿಯುತ್ತಿದ್ದರು. ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಂಡು ಆ ಕೆಲಸ ಮಾಡಿದ ಅಮೆರಿಕದ ಹೆಣ್ಣುಮಕ್ಕಳಲ್ಲಿ ಹಲವರು ದವಡೆಯ ಮೂಳೆ ಕೊಳೆತು ಸತ್ತರು. ಲಾರಿಯ ಹಿಂದೆ ಹೊಳೆಯುವ ಪಟ್ಟಿಗೂ ಆ ಧಾತುವಿಗೂ ಯಾವ ಸಂಬಂಧವೂ ಇಲ್ಲ. ಪಟ್ಟಿಯಲ್ಲಿರುವುದು ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಮಣಿಗಳು, ಇಲ್ಲವೇ ಪುಟ್ಟ ಪಟ್ಟಕಗಳು. ಹೆಡ್‌ಲೈಟಿನ ಬೆಳಕು ಯಾವ ದಿಕ್ಕಿನಿಂದ ಬಂತೋ ಅದೇ ದಿಕ್ಕಿಗೆ ಅವು ಹಿಂದಿರುಗಿಸುತ್ತವೆ. ದೀಪ ಆರಿಸಿದರೆ ಪಟ್ಟಿಯೂ ಕತ್ತಲು. ಮುಂದೆ ಬಿಳಿ, ಹಿಂದೆ ಕೆಂಪು, ಪಕ್ಕದಲ್ಲಿ ಹಳದಿ ಪಟ್ಟಿ ಇರಬೇಕೆಂಬುದು ಮೋಟಾರು ವಾಹನ ನಿಯಮ. ಚಿತ್ರ ಎಷ್ಟೇ ಚೆನ್ನಾಗಿರಲಿ, ಆ ಜಾಗ ಬಿಟ್ಟೇ ಅಳತೆ ಹಾಕಬೇಕು.

ಇನ್ನು ವಿನೈಲ್. ಇದು ಪಿವಿಸಿ ಪ್ಲಾಸ್ಟಿಕ್ಕಿನ ತೆಳು ಹಾಳೆ. ಎರಡು ಜಾತಿಯದು ಸಿಗುತ್ತದೆ. ಒಂದನ್ನು ಬಿಸಿ ರೋಲರುಗಳ ನಡುವೆ ಚಪಾತಿಯಂತೆ ಲಟ್ಟಿಸಿ ತೆಗೆಯುತ್ತಾರೆ. ದಪ್ಪ ಸುಮಾರು 80ರಿಂದ 100 ಮೈಕ್ರಾನ್. ಇನ್ನೊಂದನ್ನು ದೋಸೆ ಹಿಟ್ಟಿನಂತೆ ದ್ರವವಾಗಿ ಹುಯ್ದು ಒಲೆಯಲ್ಲಿ ಬೇಯಿಸುತ್ತಾರೆ. ದಪ್ಪ ಸುಮಾರು 50 ಮೈಕ್ರಾನ್. ಲಟ್ಟಿಸಿದ ಚಪಾತಿ ಮಣೆಯ ಮೇಲೆ ಮತ್ತೆ ಒಳಕ್ಕೆ ಎಳೆದುಕೊಳ್ಳುವುದನ್ನು ಯಾರು ನೋಡಿಲ್ಲ? ಲಟ್ಟಿಸಿದ ವಿನೈಲ್ ಕೂಡ ಬಿಸಿಲು ಬಿದ್ದಾಗ ಹಾಗೆಯೇ ಕುಗ್ಗಲು ನೋಡುತ್ತದೆ. ಹುಯ್ದ ದೋಸೆಗೆ ಆ ಚಾಳಿಯಿಲ್ಲ. ಚಪ್ಪಟೆ ತಗಡಿಗೆ ಮೊದಲನೆಯದು ನಡೆಯುತ್ತದೆ. ಉಬ್ಬುತಗ್ಗಿನ ಮೈಗೆ ಎರಡನೆಯದೇ ಬೇಕು, ಬೆಲೆ ಹೆಚ್ಚಾದರೂ.

ಹಾಲಿನ ಟ್ಯಾಂಕರಿಗೆ ಸ್ಟಿಕರ್ ಸುತ್ತುವುದು ಕಷ್ಟ, ಬಸ್ಸು ಸುಲಭ ಎಂದು ಹೊಸಬರಿಗೆ ಅನಿಸುವುದು ಸಹಜ. ಟ್ಯಾಂಕರು ದುಂಡಗಿದೆ, ಬಸ್ಸು ಪೆಟ್ಟಿಗೆಯಂತಿದೆ. ಆದರೆ ಲೆಕ್ಕ ತಿರುಗಾಮುರುಗ. ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲಿ ಮಂಡಿಸಿದ ಪ್ರಮೇಯವೊಂದು ಇದನ್ನು ವಿವರಿಸುತ್ತದೆ: ಒಂದೇ ದಿಕ್ಕಿಗೆ ಬಾಗಿದ ಮೈಗೆ ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ, ಸುಕ್ಕಿಸದೆ ಹೊದಿಸಬಹುದು, ಚೆಂಡಿನಂತೆ ಎರಡೂ ದಿಕ್ಕಿಗೆ ಬಾಗಿದ ಮೈಗೆ ಸಾಧ್ಯವೇ ಇಲ್ಲ. ಶಾಲೆಯ ಪುಸ್ತಕಕ್ಕೆ ಕಂದು ಕಾಗದದ ಬೈಂಡು ಹಾಕಿದವರು ಅದೇ ಕಾಗದವನ್ನು ತೆಂಗಿನಕಾಯಿಗೆ ಸುತ್ತಿ ನೋಡಲಿ, ಗೌಸ್ ಹೇಳಿದ್ದು ಕೈಗೇ ತಿಳಿಯುತ್ತದೆ. ಎರಡು ಮೀಟರ್ ವ್ಯಾಸದ ಉರುಳೆ ಟ್ಯಾಂಕಿಗೆ 6.28 ಮೀಟರ್ ಸುತ್ತಳತೆ, ಅಷ್ಟು ಕತ್ತರಿಸಿ ಸುತ್ತಿದರೆ ಮುಗಿಯಿತು. ಬಸ್ಸಿನ ಮೂತಿಯ ಮೂಲೆಗಳು, ಬಂಪರಿನ ತಿರುವುಗಳು, ಟ್ಯಾಂಕಿನ ಎರಡು ಉಬ್ಬು ತುದಿಗಳು ಮಾತ್ರ ತೆಂಗಿನಕಾಯಿಯ ಜಾತಿ. ಅಲ್ಲಿ ಹಾಳೆಯನ್ನು ಬಿಸಿ ಗಾಳಿ ಕೊಟ್ಟು ಎಳೆದು ಕೂರಿಸಬೇಕು. ಎಳೆದಲ್ಲಿ ಚಿತ್ರವೂ ಎಳೆಯುತ್ತದೆ. ಅನುಭವಿ ವಿನ್ಯಾಸಗಾರರು ಮುಖವನ್ನಾಗಲೀ ಅಕ್ಷರವನ್ನಾಗಲೀ ಅಂಥ ಜಾಗಕ್ಕೆ ತರದಿರುವುದು ಇದಕ್ಕೇ.

ಅಳತೆಗೆ ಕಂಪನಿಯ ನಕ್ಷೆ ನಂಬಿದರೆ ಕೆಟ್ಟಿತು. ಕಂಪನಿ ಕೊಡುವುದು ಹಲವು ಸಲ ಚಾಸಿಸ್ ಮಾತ್ರ. ಮೈ ಕಟ್ಟುವುದು ತಮಿಳುನಾಡಿನ ಕರೂರಿನಂಥ ಊರುಗಳ ಬಾಡಿ ಬಿಲ್ಡಿಂಗ್ ಶೆಡ್ಡುಗಳಲ್ಲಿ, ಅಥವಾ ಸಾರಿಗೆ ನಿಗಮದ ಸ್ವಂತ ಕಾರ್ಯಾಗಾರಗಳಲ್ಲಿ. ಒಂದೇ ಮಾದರಿಯ ಎರಡು ಬಸ್ಸುಗಳಲ್ಲಿ ಕಿಟಕಿಯ ಸಾಲು ಎರಡು ಬೆರಳು ಆಚೀಚೆ ಇದ್ದರೆ ಆಶ್ಚರ್ಯವಿಲ್ಲ. ಬದಲಾಗದ್ದು ಚಾಸಿಸ್ಸಿನ ಲೆಕ್ಕ: ಮುಂಚಕ್ರದ ನಡುವಿನಿಂದ ಹಿಂಚಕ್ರದ ನಡುವಿಗೆ ಇರುವ ದೂರ. ಅದನ್ನು ಆಧಾರವಾಗಿ ಹಿಡಿದು ಬಾಗಿಲು, ಕಿಟಕಿ, ಡಿಕ್ಕಿ, ಡೀಸೆಲ್ ಮುಚ್ಚಳಗಳನ್ನು ಟೇಪಿನಿಂದಲೇ ಅಳೆಯಬೇಕು. ಮೊಬೈಲ್ ಫೋಟೊ ನೆನಪಿಗೆ ಸಾಕು, ಅಳತೆಗಲ್ಲ; ಹತ್ತಿರದಿಂದ ತೆಗೆದ ಚಿತ್ರದಲ್ಲಿ ಅಂಚಿನ ಗೆರೆಗಳು ಬಾಗುತ್ತವೆ. ಮುದ್ರಣ ಯಂತ್ರದ ಹಾಳೆ 1.37 ಮೀಟರ್ ಅಗಲ, ಒಂದರ ಮೇಲೊಂದು ಸುಮಾರು ಒಂದು ಸೆಂಟಿಮೀಟರ್ ಹತ್ತಬೇಕು ಎಂದರೆ 12 ಮೀಟರ್ ಬಸ್ಸಿಗೆ ಒಂದೊಂದು ಪಕ್ಕಕ್ಕೂ ಒಂಬತ್ತು ಹಾಳೆ. ಅಂಟಿಸುವುದು ಹಿಂದಿನಿಂದ ಮುಂದಕ್ಕೆ. ಮಂಗಳೂರು ಹೆಂಚನ್ನು ಸೂರಿನ ಅಂಚಿನಿಂದ ಮೇಲಕ್ಕೆ ಹೊದಿಸುತ್ತಾ ಹೋಗುವ ಹಾಗೆ. ಹೆಂಚಿನಲ್ಲಿ ಮಳೆನೀರು ಸಂದಿಗೆ ನುಗ್ಗದು. ಬಸ್ಸಿನಲ್ಲಿ ಎದುರುಗಾಳಿ ನುಗ್ಗದು.

ಇಷ್ಟೆಲ್ಲ ಯಾವ ಭಾಷೆಯ ಬಸ್ಸಿಗಾದರೂ ಒಂದೇ. ಕನ್ನಡದಲ್ಲಿ ಇದರ ಮೇಲೆ ಎದುರಾಗುವ ಸವಾಲು ಒತ್ತಕ್ಷರದ್ದು, ಮತ್ತು ಅದರ ಬಗ್ಗೆ ಯಾವ ಕಂಪನಿಯ ಕೈಪಿಡಿಯನ್ನೂ ನೆಚ್ಚಿ ಕೂರುವಂತಿಲ್ಲ.

ಡಚ್ ನೇತ್ರವೈದ್ಯ ಸ್ನೆಲೆನ್ 1862ರಲ್ಲಿ ರೂಪಿಸಿದ ಅಕ್ಷರಫಲಕ ಇಂದಿಗೂ ಕಣ್ಣಿನ ಆಸ್ಪತ್ರೆಗಳ ಗೋಡೆಯ ಮೇಲಿದೆ. ಆರೋಗ್ಯವಂತ ಕಣ್ಣು ಅಕ್ಷರ ಗುರುತಿಸಬೇಕಾದರೆ ಅದು ಕಣ್ಣಿಗೆ ಐದು ಕಲೆಗಳಷ್ಟು ಕೋನದಲ್ಲಿ ಕಾಣಬೇಕು ಎಂಬುದು ಅದರ ಅಡಿಪಾಯ. ಒಂದು ಕಲೆ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ. ಐವತ್ತು ಮೀಟರ್ ದೂರಕ್ಕೆ ಲೆಕ್ಕ ಹಾಕಿದರೆ ಅಕ್ಷರದ ಎತ್ತರ 7.3 ಸೆಂಟಿಮೀಟರ್, ಗೆರೆಯ ದಪ್ಪ ಒಂದೂವರೆ. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಅಷ್ಟು ಸಾಕು. ಕನ್ನಡದಲ್ಲಿ ಓದಬೇಕಾದ್ದು ಮೇಲಿನ ಅಕ್ಷರ ಮಾತ್ರವಲ್ಲ, ಅದರ ಕಾಲಡಿಯ ಒತ್ತು ಕೂಡ. ಬಹುಪಾಲು ಅಕ್ಷರಶೈಲಿಗಳಲ್ಲಿ ಒತ್ತು ಮೂಲ ಅಕ್ಷರದ ಹೆಚ್ಚುಕಡಿಮೆ ಅರ್ಧ ಎತ್ತರದ್ದು. ಒತ್ತಿಗೇ 7.3 ಬೇಕೆಂದರೆ ಮೇಲಿನ ಅಕ್ಷರಕ್ಕೆ 14.6, ಎರಡೂ ಸೇರಿ 22 ಸೆಂಟಿಮೀಟರ್. ಅಂದರೆ ಇಂಗ್ಲಿಷಿನ ಮೂರು ಪಟ್ಟು ಜಾಗ! ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬರುವ ಬಸ್ಸು ಆ ಐವತ್ತು ಮೀಟರನ್ನು ನಾಲ್ಕೂವರೆ ಸೆಕೆಂಡಿನಲ್ಲಿ ದಾಟುತ್ತದೆ. ಅಜ್ಜಿ ಕೈ ಅಡ್ಡ ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ಇರುವ ಸಮಯ ಅಷ್ಟೇ.

ಇದೇ ಕಣ್ಣಿನಿಂದ ನಮ್ಮ ಬಸ್ಸುಗಳ ಹೆಸರು ನೋಡುವುದು ಸೊಗಸು. ಐರಾವತ, ಅಂಬಾರಿ, ರಾಜಹಂಸ: ಒಂದರಲ್ಲೂ ಒತ್ತಿಲ್ಲ, ಸಾಲು ಬಿಟ್ಟು ಕೆಳಗಿಳಿಯುವುದಿಲ್ಲ. ಹಾಲಿನ ಟ್ಯಾಂಕರಿನ ‘ನಂದಿನಿ’ಯೂ ಹಾಗೆಯೇ. 2023ರಲ್ಲಿ ರಸ್ತೆಗಿಳಿದ ‘ಪಲ್ಲಕ್ಕಿ’ಗೆ ಎರಡು ಒತ್ತು. ಊರುಗಳಲ್ಲಿ ಚಿಂತಾಮಣಿ, ಗೌರಿಬಿದನೂರು ಹಗುರ. ಚಿಕ್ಕಬಳ್ಳಾಪುರ, ಶಿಡ್ಲಘಟ್ಟ ಎರಡೆರಡು ಒತ್ತಿನ ಭಾರದವು. ಕೆಂಚಾರ್ಲಹಳ್ಳಿಯಲ್ಲಿ ‘ರ್ಲ’ವನ್ನು ಅರ್ಕಾವತ್ತಿನಲ್ಲಿ ಬರೆದರೆ ಅದು ಸಾಲಿನಲ್ಲೇ ಕೂರುತ್ತದೆ. ಉಳಿಯುವುದು ‘ಳ್ಳಿ’. ಅಕ್ಷರವನ್ನು ಕಿಟಕಿಯ ಕೆಳಗಿನ ತಗಡಿನ ಮೇಲಿಟ್ಟು, ಒತ್ತು ಮಾತ್ರ ಡಿಕ್ಕಿಯ ಬಾಗಿಲ ಮೇಲೆ ಬಿದ್ದಿದೆ ಎನ್ನಿ. ನಿಲ್ದಾಣದಲ್ಲಿ ಕಂಡಕ್ಟರ್ ಡಿಕ್ಕಿ ಎತ್ತಿದ ಕೂಡಲೇ ಒತ್ತು ಬಾಗಿಲಿನ ಜೊತೆ ಮೇಲೆ ಹೋಗುತ್ತದೆ, ಹಳ್ಳಿ ಹೋಗಿ ಹಳಿಯಾಗುತ್ತದೆ. ಬಣ್ಣ ಬಣವಾಗುತ್ತದೆ, ಕತ್ತೆ ಕತೆಯಾಗುತ್ತದೆ.

ಕತ್ತರಿಸುವ ಯಂತ್ರದ ಕಾಟ ಇನ್ನೊಂದು. ಹಳೆಯ ಕನ್ನಡ ಫಾಂಟುಗಳು ಒಂದು ಅಕ್ಷರವನ್ನು ಬಿಡಿ ಚೂರುಗಳಿಂದ ಜೋಡಿಸುತ್ತವೆ. ಪರದೆಯ ಮೇಲೆ ಚೂರುಗಳು ಒಂದರ ಮೇಲೊಂದು ಕೂತು ಒಂದೇ ಅಕ್ಷರವಾಗಿ ಕಾಣುತ್ತವೆ. ಪ್ಲಾಟರಿನ ಬ್ಲೇಡಿಗೆ ಕಣ್ಣಿಲ್ಲ. ಅದು ಪ್ರತಿ ಚೂರಿನ ಸುತ್ತಲೂ ಓಡಿ, ಕೂಡುವ ಜಾಗದಲ್ಲಿ ಅಕ್ಷರದ ಹೊಟ್ಟೆಯನ್ನೇ ಸೀಳುತ್ತದೆ. ಹೆಚ್ಚುವರಿ ಸ್ಟಿಕರ್ ಬಿಡಿಸುವಾಗ ಒತ್ತು ಕೈಗೆ ಬರುತ್ತದೆ. ಕತ್ತರಿಸುವ ಮುನ್ನ ಅಕ್ಷರಗಳನ್ನು ಗೆರೆಚಿತ್ರವಾಗಿಸಿ (ಕರ್ವ್ಸ್), ಚೂರುಗಳನ್ನು ಒಂದಾಗಿ ಬೆಸೆದರೆ (ವೆಲ್ಡ್) ಈ ರಗಳೆ ತಪ್ಪುತ್ತದೆ. ಎರಡು ನಿಮಿಷದ ಕೆಲಸ. ಅದನ್ನು ಬಿಡುವುದು ಸೋಮಾರಿತನವೇ ಹೊರತು ಬೇರೇನಲ್ಲ.

ಕಿಟಕಿಯ ಗಾಜಿನ ಮೇಲೂ ಚಿತ್ರ ಹರಿಸಲು ಸಣ್ಣ ತೂತುಗಳ ಫಿಲ್ಮ್ ಸಿಗುತ್ತದೆ. ಹಗಲಲ್ಲಿ ಸೊಳ್ಳೆಪರದೆಯ ಒಳಗಿನಿಂದ ಬೀದಿ ಕಾಣುವ ಹಾಗೆ ಒಳಗಿದ್ದವರಿಗೆ ಹೊರಗು ಕಾಣುತ್ತದೆ. ಆದರೆ ಪಕ್ಕದ ಗಾಜು ಶೇ 50ರಷ್ಟು, ಮುಂದಿನ ಹಿಂದಿನ ಗಾಜು ಶೇ 70ರಷ್ಟು ಬೆಳಕು ಬಿಡಲೇಬೇಕೆಂಬುದನ್ನು ಆಧರಿಸಿ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 27ರಂದು ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ಅರ್ಧ ತೂತು, ಅರ್ಧ ಚಿತ್ರದ ಹಾಳೆಯನ್ನು ಗಾಜಿನ ಮೇಲೆ ಹಾಕಿದರೆ ಐವತ್ತಕ್ಕಿಂತ ಕಡಿಮೆಯೇ ಉಳಿಯುತ್ತದೆ. ಗಾಜನ್ನು ಗಾಜಾಗಿ ಬಿಡುವುದೇ ಸರಿ.

ಹೊಸ ಸ್ಟಿಕರ್ ಮೂರೇ ತಿಂಗಳಿಗೆ ಎದ್ದರೆ ‘ದೃಷ್ಟಿ ತಾಗಿತು’ ಎಂದು ಬಂಪರಿಗೆ ಇನ್ನೊಂದು ಜೊತೆ ನಿಂಬೆ-ಮೆಣಸಿನಕಾಯಿ ಕಟ್ಟುವವರಿದ್ದಾರೆ. ದೃಷ್ಟಿಯಲ್ಲ ಸ್ವಾಮಿ, ಡೀಸೆಲ್! ಟ್ಯಾಂಕಿನ ಮುಚ್ಚಳದ ಸುತ್ತ ಜಿನುಗಿದ ಎಣ್ಣೆ, ಒರೆಸದೆ ಬಿಟ್ಟ ಪಾಲಿಶ್, ರಿವೆಟ್ ತಲೆಯ ಸುತ್ತ ಡೇರೆಯಂತೆ ಉಳಿದ ಗಾಳಿ, ತಗ್ಗುಗಳಲ್ಲಿ ಎಳೆದು ಕೂರಿಸಿ ಮತ್ತೆ ಬಿಸಿ ಕೊಡದೆ ಬಿಟ್ಟದ್ದು: ಕಾರಣಗಳು ಇಷ್ಟೇ, ಎಲ್ಲವೂ ಕಣ್ಣಿಗೆ ಕಾಣುವಂಥವು. 12 ಮೀಟರ್ ಅಲ್ಯೂಮಿನಿಯಂ ತಗಡು 40 ಡಿಗ್ರಿ ಬಿಸಿಯೇರಿದರೆ 11 ಮಿಲಿಮೀಟರ್ ಹಿಗ್ಗುತ್ತದೆ, ರಾತ್ರಿ ಮತ್ತೆ ಕುಗ್ಗುತ್ತದೆ. ಪ್ರತಿದಿನದ ಈ ಜಗ್ಗಾಟಕ್ಕೆ ಅಂಟು ತಡೆದುಕೊಳ್ಳಬೇಕಾದರೆ ತಗಡು ಸ್ವಚ್ಛವಾಗಿರಬೇಕು. ಆಯುಧಪೂಜೆಯ ಕುಂಕುಮ, ಬಾಳೆಕಂದಿನ ಕರೆಯನ್ನೂ ಮಾರನೇ ದಿನವೇ ಸೋಪುನೀರಿನಲ್ಲಿ ತೊಳೆಯುವುದು ಲೇಸು.

ಬಸ್ಸಿಗೆ ಸ್ಟಿಕರ್ ಮಾಡಿಸುವವರು ದಯವಿಟ್ಟು ಒಂದು ಕೆಲಸ ಮಾಡಿ. ಮುದ್ರಣಕ್ಕೆ ಕೊಡುವ ಮುನ್ನ ಊರಿನ ಹೆಸರೊಂದನ್ನು ನಿಜ ಅಳತೆಯಲ್ಲಿ ಸಾದಾ ಕಾಗದದ ಮೇಲೆ ತೆಗೆದು ಅದು ಬರಬೇಕಾದ ಜಾಗಕ್ಕೇ ಟೇಪಿನಿಂದ ಅಂಟಿಸಿ. ಡಿಕ್ಕಿಯ ಬಾಗಿಲು ಎತ್ತಿಡಿ. ಐವತ್ತು ಮೀಟರ್ ದೂರ ನಡೆದು ಹೋಗಿ, ಅಲ್ಲಿಂದ ಅದನ್ನು ಮನೆಯ ಹಿರಿಯರೊಬ್ಬರ ಕೈಲಿ ಓದಿಸಿ ನೋಡಿ.