ಉಡುಪಿಯ ಗುಳ್ಳ ಕೊಳ್ಳೋಣ

ಬೇಸಿಗೆ ರಜೆ ಬಂತು. ಸಂಘದ ಅಕ್ಕ-ತಂಗಿಯರೆಲ್ಲ ಸೇರಿ ಉಡುಪಿಗೆ ಹೋಗಿದ್ದೇವೆ ಅಂದುಕೊಳ್ಳೋಣ. ಕೃಷ್ಣನ ದರ್ಶನ ಆಯಿತು. ಸಮುದ್ರ ನೋಡಿದ್ದಾಯಿತು. ಮಾರ್ಕೆಟ್ಟಿಗೆ ಹೋಗದೆ ಊರಿಗೆ ಮರಳುವುದುಂಟೇ?

ನಮ್ಮೂರ ಸಂತೆಯಲ್ಲಿ ಎಲ್ಲರೂ ಗುರುತಿನವರು. ಬೇರೆ ಊರಿನಲ್ಲಿ ಹಾಗಲ್ಲ. ಅಲ್ಲಿ ಕಾಯಿ ಹೊಸದು, ಅಳತೆ ಹೊಸದು. ಅಲ್ಲಿನವರ ಮಾತು ತುಳು. ಕನ್ನಡವೂ ಬರುತ್ತದೆ, ಹೆದರಬೇಡಿ. ನಾವು ಕಲಿತ ಅಕ್ಷರ, ಅಂಕಿ ನಮ್ಮ ಜೊತೆಗಿವೆ.

ಮಟ್ಟು ಗುಳ್ಳ

ಗುಳ್ಳ ಅಂದರೆ ಗುಂಡು ಬದನೆಕಾಯಿ. ಬಣ್ಣ ತಿಳಿ ಹಸಿರು. ತೊಟ್ಟಿನಲ್ಲಿ ಸಣ್ಣ ಮುಳ್ಳು. ಉಡುಪಿಯ ಹತ್ತಿರ ಮಟ್ಟು ಎಂಬ ಊರಿದೆ. ಅಲ್ಲಿ ಬೆಳೆದದ್ದೇ ಮಟ್ಟು ಗುಳ್ಳ. ವಾದಿರಾಜ ಸ್ವಾಮಿಗಳು ಇದರ ಬೀಜ ಕೊಟ್ಟರು ಎಂದು ಅಲ್ಲಿನ ಜನ ಹೇಳುತ್ತಾರೆ. 2011ರಲ್ಲಿ ಇದಕ್ಕೆ ಸರ್ಕಾರದ ಜಿ.ಐ. ಗುರುತು ಸಿಕ್ಕಿತು. ಅಂದರೆ, ಆ ಭಾಗದಲ್ಲಿ ಬೆಳೆದ ಕಾಯಿಗೆ ಮಾತ್ರ ಆ ಹೆಸರು ಸಲ್ಲುತ್ತದೆ.

ಹೆಸರು ಬಂದ ಕಡೆ ನಕಲಿಯೂ ಬರುತ್ತದೆ. ಬೇರೆ ಕಡೆಯ ಹಸಿರು ಬದನೆಯನ್ನೂ 'ಮಟ್ಟು ಗುಳ್ಳ' ಎಂದು ಮಾರುವುದುಂಟು. ಅದಕ್ಕೇ ಮಟ್ಟುವಿನ ಬೆಳೆಗಾರರು ಕಾಯಿಗೆ ಚೀಟಿ ಅಂಟಿಸಿ ಮಾರತೊಡಗಿದರು. ಚೀಟಿ ಇದ್ದರೆ ಓದಿ. ಇಲ್ಲದಿದ್ದರೆ, ಎಲ್ಲಿ ಬೆಳೆದದ್ದು ಎಂದು ಕೇಳಿ. ಕೇಳಲು ನಾಚಿಕೆ ಏಕೆ? ಕೊಡುವ ದುಡ್ಡು ನಾವು ದುಡಿದ ದುಡ್ಡು.

ಕಾಯಿ ಹೊಳೆಯುತ್ತಿರಬೇಕು. ತೊಟ್ಟು ಹಸಿರಾಗಿರಬೇಕು. ತೂತಿದ್ದರೆ ಒಳಗೆ ಹುಳ ಇರುತ್ತದೆ. ಸಿಪ್ಪೆ ಹಳದಿ ತಿರುಗಿದ್ದರೆ ಕಾಯಿ ಬಲಿತಿದೆ, ಬೀಜ ಜಾಸ್ತಿ.

ಹಲಗೆ ಓದಿ

ಹಲಗೆಯ ಮೇಲೆ ದೊಡ್ಡದಾಗಿ 40 ಎಂದು ಬರೆದಿದೆ. ಅಗ್ಗ ಅನಿಸುತ್ತದೆ. ಕೆಳಗೆ ಚಿಕ್ಕದಾಗಿ 'ಅರ್ಧ ಕೆಜಿ' ಎಂದಿರಬಹುದು. ಆಗ ಕೆಜಿಗೆ 80 ರೂಪಾಯಿ ಆಯಿತು. ದೊಡ್ಡ ಅಂಕಿ ಎಲ್ಲರಿಗೂ ಕಾಣುತ್ತದೆ. ನಾವು ಚಿಕ್ಕ ಅಕ್ಷರವನ್ನೂ ಓದೋಣ.

"ಎಂತ ಬೇಕಮ್ಮ?" ಎಂದು ಅಂಗಡಿಯವರು ಕೇಳುತ್ತಾರೆ.

"ಗುಳ್ಳ ಕೆಜಿಗೆ ಎಷ್ಟಣ್ಣ?" ಎಂದು ಕೇಳಿ. ಎಲ್ಲ ಅಂಗಡಿಯಲ್ಲೂ ಕೆಜಿ ಲೆಕ್ಕದಲ್ಲೇ ಕೇಳಿ. ಆಗ ಯಾವುದು ಅಗ್ಗ ಎಂದು ತಿಳಿಯುತ್ತದೆ.

ತಕ್ಕಡಿ ನೋಡಿ

ಕರೆಂಟಿನ ತಕ್ಕಡಿಯಲ್ಲಿ ಕಾಯಿ ಇಡುವ ಮೊದಲು ಬರೀ ಸೊನ್ನೆ ಇರಬೇಕು. ಆಮೇಲೆ ಹೀಗೆ ಓದಿ:

0.250 – ಕಾಲು ಕೆಜಿ
0.500 – ಅರ್ಧ ಕೆಜಿ
0.750 – ಮುಕ್ಕಾಲು ಕೆಜಿ
1.000 – ಒಂದು ಕೆಜಿ

ತೂಕದ ಬಟ್ಟಿಗೆ ಎರಡು ವರ್ಷಕ್ಕೊಮ್ಮೆ ಸರ್ಕಾರದ ಮುದ್ರೆ ಹಾಕಿಸಬೇಕು. ಕರೆಂಟಿನ ತಕ್ಕಡಿಗೆ ವರ್ಷಕ್ಕೊಮ್ಮೆ ಹಾಕಿಸಬೇಕು. ಬಟ್ಟಿನ ಬದಲು ಕಲ್ಲಿಟ್ಟು ತೂಗಿದರೆ ಬೇಡ ಅನ್ನಿ. ಮೋಸವಾದರೆ 1915ಕ್ಕೆ ಫೋನ್ ಮಾಡಿ. ಇದು ಕೊಳ್ಳುವವರ ದೂರು ಕೇಳುವ ಸರ್ಕಾರದ ನಂಬರು. ಈ ಫೋನಿಗೆ ದುಡ್ಡಿಲ್ಲ.

ಮಲ್ಲಿಗೆಯ ಲೆಕ್ಕ

ನಮ್ಮಲ್ಲಿ ಹೂವಿಗೆ ಮೊಳ, ಮಾರು. ಅಲ್ಲಿನ ಶಂಕರಪುರ ಮಲ್ಲಿಗೆಗೆ ಚೆಂಡು, ಅಟ್ಟೆ. ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಬೆಲೆ ದಿನ ದಿನವೂ ಬೇರೆ. ಮದುವೆ, ಹಬ್ಬದ ಕಾಲದಲ್ಲಿ ಏರುತ್ತದೆ. "ಈ ಬೆಲೆ ಚೆಂಡಿಗೋ, ಅಟ್ಟೆಗೋ?" ಎಂದು ಮೊದಲೇ ಕೇಳಿ.

ಊರಿಗೆ ತರುವಾಗ

ಬಟ್ಟೆಯ ಚೀಲ ಒಯ್ಯಿರಿ. ಅದರಲ್ಲಿ ಗಾಳಿ ಆಡುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಾಯಿ ಬೆವರಿ ಕೊಳೆಯುತ್ತದೆ. ಗಟ್ಟಿ ಕಾಯಿ ಕೆಳಗೆ, ಸೊಪ್ಪು ಮೇಲೆ ಇಡಿ. ಹೂವನ್ನು ಬಾಳೆಲೆಯಲ್ಲಿ ಸುತ್ತಿಸಿಕೊಳ್ಳಿ.

ಮನೆಗೆ ಬಂದು ಗುಳ್ಳದ ಹುಳಿ ಮಾಡಿ. ನೆರೆಮನೆಯವರಿಗೂ ಒಂದು ಬಟ್ಟಲು ಕೊಡಿ. ಹಲಗೆ ಓದಿದ್ದು, ತೂಕ ನೋಡಿದ್ದು, ಎಲ್ಲವನ್ನೂ ಅವರಿಗೆ ಹೇಳಿಕೊಡಿ.

ಲೆಕ್ಕ ಮಾಡಿ

1. ಕಾಲು ಕೆಜಿ ಗುಳ್ಳಕ್ಕೆ 25 ರೂಪಾಯಿ. ಒಂದು ಕೆಜಿಗೆ ಎಷ್ಟು?
2. ಒಂದು ಅಂಗಡಿಯಲ್ಲಿ ಅರ್ಧ ಕೆಜಿಗೆ 45 ರೂಪಾಯಿ. ಇನ್ನೊಂದರಲ್ಲಿ ಕೆಜಿಗೆ 80 ರೂಪಾಯಿ. ಯಾವುದು ಅಗ್ಗ?
3. ಒಂದು ಚೆಂಡು ಮಲ್ಲಿಗೆಗೆ 100 ರೂಪಾಯಿ. ಒಂದು ಅಟ್ಟೆಗೆ ಎಷ್ಟು?